ಹನ್ನೊಂದು ಗುನ್ನದ ಜವರಣ್ಣ

ಮರ ಕಡೆಯುವಾಗ ಜವರಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಂತ್ರಕ್ಕೆ ಸಿಕ್ಕಿಸಿದ ತುಂಡು ಗಿರ್ರನೆ ಸುತ್ತುತ್ತಿರುವಾಗ ಹರಿತವಾದ ಉಳಿಯನ್ನು ಅದರ ಮೈಗೆ ಒಡ್ಡಿ, ಗದ್ದವನ್ನು ಎದೆಯ ಮೇಲೆ ಇಳಿಬಿಟ್ಟು, ಜಗಲಿಯಲ್ಲಿ ತೂಕಡಿಸುವವನಂತೆ ನಿಂತಿರುತ್ತಿದ್ದ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಅವನ ಎದೆಯ ನರೆಗೂದಲಿಗೆ ತೊಡರಿಕೊಳ್ಳುತ್ತಿತ್ತು. ಕಣ್ಣು ತೆರೆದು ಕೆಲಸ ಮಾಡುವುದು ಕ್ಷೇಮವೆಂದು ಮೊದಲ ದಿನವೇ ನಾನು ಎಚ್ಚರಿಸಿದೆ. ಅವನು ಕಣ್ಣು ತೆರೆಯದೆಯೇ ಹೇಳಿದ: "ನೀನು ಕಣ್ ಬುಟ್ಕಂಡೇ ನಿಂತಿದೀಯಲ್ಲ, ಏನ್ ಕಡ್ದಿದೀಯ ತೋರ್ಸು ಮತ್ತೆ." ನಾನು ಅದುವರೆಗೆ ಏನನ್ನೂ ಕಡೆದಿರಲಿಲ್ಲ, ನಿಜ. ಅದು ನ್ಯಾಯವಾದ ಮಾತಲ್ಲವೆಂಬುದು ಇಂದಿಗೂ ನನ್ನ ಅಭಿಪ್ರಾಯ.

ಅವನ ಪಟ್ಟರೆ, ಎಂದರೆ ಮರಗೆಲಸದ ಕೊಟ್ಟಿಗೆ, ಇದ್ದದ್ದು ತಾಳವಾಡಿಯಿಂದ ಜೀರಹಳ್ಳಿಗೆ ಹೋಗುವ ರಸ್ತೆಯ ತಿರುವಿನಲ್ಲಿ, ತಗಡಿನ ಮಾಡಿನ ಕೆಳಗೆ. ಮಂಚದ ಕಾಲು, ಕಡಗೋಲು, ಲಟ್ಟಣಿಗೆ, ಬುಗುರಿ, ಹೀಗೆ ದುಂಡಗಿರುವುದೆಲ್ಲ ಅಲ್ಲಿ ಹುಟ್ಟುತ್ತಿತ್ತು. ನಾನು ಸರ್ವೆ ಇಲಾಖೆಯಲ್ಲಿ ಜೀವಮಾನವಿಡೀ ಪರರ ಹೊಲಗಳ ಮೇರೆ ಅಳೆದು ನಿವೃತ್ತನಾದವನು. ಹವ್ಯಾಸಕ್ಕಾಗಿ ಮರ ಕಡೆಯುವುದನ್ನು ಕಲಿಯಬೇಕೆಂದಿದೆ ಎಂದು ಅವನಲ್ಲಿ ವಿನಯದಿಂದ ನಿವೇದಿಸಿದೆ.

"ಅವ್ಯಾಸ ಅಂದ್ರೇನ್ಲಾ ರಾಚಪ್ಪ?"

"ಒತ್ತು ಕಳಿಯಾಕೆ ಮಾಡೋ ಕೆಲಸ, ಅಣ್ಣ."

"ಒತ್ತು ಕಳಿಯಾಕ್ ಬಂದೋರು ಇಲ್ಲಿ ಬೆಳ್ಳು ಕಳ್ಕಂಡವ್ರೆ," ಎಂದು ತುದಿಯಿಲ್ಲದ ತನ್ನ ಉಂಗುರದ ಬೆರಳನ್ನು ಎತ್ತಿ ತೋರಿಸಿದ. ಅವನು ನನಗಿಂತ ಐದು ವರ್ಷ ದೊಡ್ಡವನು. ಆ ಒಂದೇ ಕಾರಣಕ್ಕೆ ನಾನು ಅಣ್ಣ ಎನ್ನಬೇಕು, ಅವನು ಮಾತ್ರ ಇಡೀ ರಸ್ತೆಗೆ ಕೇಳುವಂತೆ ನನ್ನನ್ನು ಲಾ ಎನ್ನಬಹುದು.

ಹವ್ಯಾಸವೆಂದದ್ದು ಸುಳ್ಳು. ನಿಜವಾದ ಕಾರಣವನ್ನು ಈಗ ಬರೆಯಬಹುದು. ನನಗೆ ಎಂಟು ವರ್ಷವಾಗಿದ್ದಾಗ ಸೋದರಮಾವ ಕೊಳ್ಳೇಗಾಲದಿಂದ ಕೆಂಪು ಅರಗಿನ ಬುಗುರಿಯೊಂದನ್ನು ತಂದುಕೊಟ್ಟಿದ್ದರು. ಬುಗುರಿ ಆಟದಲ್ಲಿ ಮೊದಲು ಉರುಳಿದವನು ಸೋತಂತೆ. ಗೆದ್ದವನು ಸೋತ ಬುಗುರಿಯನ್ನು ಗೆರೆಯೊಳಗಿಟ್ಟು, ತನ್ನ ಬುಗುರಿಯ ಮೊಳೆಯಿಂದ ಅದರ ನೆತ್ತಿಗೆ ಕುಕ್ಕುತ್ತಾನೆ. ಆ ಕುಕ್ಕಿಗೆ ಗುನ್ನ ಎಂದು ಹೆಸರು. ಕಟ್ಟಳೆಯಂತೆ ಐದು ಗುನ್ನಕ್ಕೆ ಮಾತ್ರ ಅವಕಾಶ. ಅಂದು ನನ್ನನ್ನು ಸೋಲಿಸಿದ ಜವರಣ್ಣ ಹೊಡೆದದ್ದು ಹನ್ನೊಂದು. ಹನ್ನೊಂದನೆಯದಕ್ಕೆ ನನ್ನ ಬುಗುರಿ ಸೀಳಿತು. ಗುಮಟಾಪುರದ ಸಗಣಿ ಹಬ್ಬದಲ್ಲಿ ಯಾರು ಯಾರ ಮುಖಕ್ಕೆ ಎಸೆದರೆಂಬುದನ್ನು ಜನ ಸಂಜೆಯೊಳಗೆ ಮರೆತು ಒಟ್ಟಿಗೆ ಉಣ್ಣುತ್ತಾರಂತೆ. ನಾನು ಆ ಹಬ್ಬಕ್ಕೆ ಹೋಗುವುದಿಲ್ಲ. ನನಗೆ ಹೆಸರುಗಳು ನೆನಪಿರುತ್ತವೆ. ಜವರಣ್ಣನಿಂದಲೇ ವಿದ್ಯೆ ಕಲಿತು, ನನ್ನ ಕೈಯಾರೆ ಕಡೆದ ಬುಗುರಿಯಿಂದ ಅವನ ಬುಗುರಿಯನ್ನು ಸೋಲಿಸಿ ಗುನ್ನ ಹೊಡೆಯುವುದು ನನ್ನ ಸಂಕಲ್ಪವಾಗಿತ್ತು.

ಸಂಕಲ್ಪ ದೊಡ್ಡದಾದರೂ ಮೊದಲ ತುಂಡು ನನ್ನ ಕೈಯಲ್ಲಿ ಕ್ಷಣಕಾಲವೂ ನಿಲ್ಲಲಿಲ್ಲ. ಉಳಿ ಚುಚ್ಚಿದೊಡನೆ ಅದು ಯಂತ್ರದಿಂದ ಕಿತ್ತು, ತಗಡಿಗೆ ಬಡಿದು, ರಸ್ತೆ ದಾಟಿ, ಎದುರಿನ ಮಾದಮ್ಮನ ಟೀ ಅಂಗಡಿಯಲ್ಲಿ ಕಾಯುತ್ತಿದ್ದ ಹಾಲಿನ ಪಾತ್ರೆಗೆ ಬಿತ್ತು. ಅಂದಿನಿಂದ ನಾನು ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಜವರಣ್ಣ ಕೂಗುತ್ತಿದ್ದ: "ಮಾದಮ್ಮ, ರಾಚಪ್ಪ ಬಂದ. ಆಲ್ ಮುಚ್ಚವ್ವ." ತಿಂಗಳುಗಟ್ಟಲೆ ಹೀಗೆಯೇ ನಡೆಯಿತು. ಬಸ್ಸಿಗೆ ಕಾಯುವ ಅಪರಿಚಿತರೂ ತಮ್ಮ ಲೋಟಗಳ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದರು.

ಮತ್ತೊಂದು ದಿನ ನನ್ನ ಹೆಗಲ ಟವಲು ಯಂತ್ರಕ್ಕೆ ಸಿಕ್ಕಿ, ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಬಿಗಿಯಾಗಿ ಸುತ್ತಿಕೊಂಡಿತು. ಜವರಣ್ಣ ಮೋಟಾರು ನಿಲ್ಲಿಸಿ, ಸುತ್ತಿದ ಟವಲನ್ನು ಬೆರಳಿನಿಂದ ತಡವಿ ನೋಡಿದ. "ಎಷ್ಟ್ ದುಂಡುಗ್ ಬಂದದೆ ನೋಡ್ಲಾ. ಮರನೂ ಇಂಗೇ ಕಡ್ದ್ರೆ ಆಯ್ತು." ನನ್ನ ಕೊರಳು ಉಳಿದದ್ದರ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಮರುದಿನ ನಾನು ಒಳಗೆ ಕಾಲಿಡುವ ಮೊದಲೇ ಕೈನೀಡಿ ಟವಲು ಕಸಿದು ಗೂಟಕ್ಕೆ ಹಾಕಿದ. ಆಮೇಲೆ ಪ್ರತಿದಿನವೂ ಹಾಗೆಯೇ ಮಾಡಿದ.

ಅವನು ಕಲಿಸಿದ ಒಂದೇ ಒಂದು ಪಾಠವನ್ನು ಮಾತ್ರ ದೂಷಿಸಲಾರೆ. ಉಳಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಬಾಯಿಯನ್ನು ನೇರ ಮರಕ್ಕೆ ಚುಚ್ಚುವುದು ನನ್ನ ದೋಷವಾಗಿತ್ತು. "ಚುಚ್ಚಬ್ಯಾಡ ಕಣ್ಲಾ," ಎಂದ. "ಸೊಸೆ ತವ್ರಿಂದ ಬಂದಾಗ ಅತ್ತೆ ಏನ್ ಮಾಡ್ತಾಳೆ? ಮೊದ್ಲು ಬಾಗ್ಲಿಗೆ ಬೆನ್ನು ಒರುಗ್ಸಿ ನಿಂತ್ಕತಾಳೆ. ಆಮೇಲೆ ನಿದಾನುಕ್ಕೆ ಬಾಯಿ ತಗೀತಾಳೆ. ಉಳಿನೂ ಅಂಗೇಯ. ಮೊದ್ಲು ಬೆನ್ನು ತಾಗ್ಲಿ." ಹಾಗೆ ಮಾಡಿದ ದಿನ ಟಕಟಕ ಬಡಿಯುತ್ತಿದ್ದ ಸದ್ದು ನಿಂತು, ಸಿಪ್ಪೆ ರೇಷ್ಮೆಯಂತೆ ಬಂತು. ನಾನು ಜವರಣ್ಣನ ಕಡೆ ನೋಡಿದೆ. ಅವನು ಬೀಡಿ ಹುಡುಕುತ್ತಿದ್ದ.

ಸಿಪ್ಪೆ ಸರಿಯಾಯಿತು, ಬುಗುರಿ ಸರಿಯಾಗಲಿಲ್ಲ. ಗ್ರಾಫ್ ಹಾಳೆಯ ಮೇಲೆ ಆಕಾರ ಬರೆದೆ. ವರ್ನಿಯರ್‌ನಿಂದ ಅಳೆದು ಮೊಳೆಯನ್ನು ನಟ್ಟನಡುವೆ ಹೊಡೆದೆ. ಆದರೂ ಚಾಟಿ ಸುತ್ತಿ ಬಿಟ್ಟರೆ ನನ್ನ ಬುಗುರಿ ಕುಡಿದವನಂತೆ ತೊನೆದು ಉರುಳುತ್ತಿತ್ತು. ಯಾವ ಅಳತೆಯೂ ಇಲ್ಲದೆ ಅವನು ಕಡೆದದ್ದು ತಿರುಗುವುದೇ ಕಾಣದಂತೆ, ಅಲುಗಾಡದೆ ನಿಂತಲ್ಲೇ ನಿದ್ದೆ ಹೋಗುತ್ತಿತ್ತು.

ಕಾರಣ ಎಂಟನೆಯ ತಿಂಗಳಲ್ಲಿ ತಿಳಿಯಿತು. ಬೇವಿನ ತುಂಡುಗಳನ್ನು ಅವನು ದನ ನೀರು ಕುಡಿಯುವ ತೊಟ್ಟಿಗೆ ಹಾಕುವುದನ್ನು ನೋಡಿದ್ದೆ. ಧೂಳು ತೊಳೆಯುತ್ತಾನೆಂದು ಭಾವಿಸಿದ್ದೆ. ಅಂದು ನಿಂತು ಗಮನಿಸಿದೆ. ಮರದ ಒಂದು ಪಕ್ಕ ಹೆಚ್ಚು ಭಾರವಾಗಿದ್ದರೆ ತುಂಡು ನೀರಿನಲ್ಲಿ ಹೊರಳಿ ಆ ಪಕ್ಕವನ್ನೇ ಕೆಳಗೆ ಮಾಡುತ್ತದೆ. ಎಲ್ಲ ಕಡೆ ಸಮನಾಗಿದ್ದರೆ ಹೇಗೆ ತಿರುಗಿಸಿ ಬಿಟ್ಟರೆ ಹಾಗೆಯೇ ತೇಲುತ್ತದೆ. ಹೊರಳದವುಗಳನ್ನು ಜವರಣ್ಣ ತನ್ನ ಚೀಲಕ್ಕೆ ಹಾಕಿದ. ಹೊರಳಿದವುಗಳನ್ನು ಮೂಲೆಗೆ ಎಸೆದ. ಆ ಮೂಲೆಯೇ ನನ್ನ ಪಾಲು. ಎಂಟು ತಿಂಗಳು ನನಗೆ ಕೊಟ್ಟದ್ದೆಲ್ಲ ಸೌದೆ.

ಅವನು ಟೀಗೆ ಹೋದಾಗ ಚೀಲದ ಬಾಯಲ್ಲಿದ್ದ ಒಂದು ಒಳ್ಳೆಯ ತುಂಡನ್ನು ತೆಗೆದುಕೊಂಡು, ಅದೇ ಜಾಗದಲ್ಲಿ ಮೂಲೆಯ ತುಂಡೊಂದನ್ನು ಇಟ್ಟೆ. ಇದನ್ನು ಕಳ್ಳತನವೆನ್ನಲಾಗದು. ಮೇರೆ ತಿದ್ದುಪಡಿ ಎನ್ನಬಹುದು. ಅವನು ಬಂದ ಮೇಲೆ ಕೆಂಪು ಬುಗುರಿಯ ವಿಷಯ ಬಿಚ್ಚಿ ಹೇಳಿ ಪಂದ್ಯಕ್ಕೆ ಕರೆದೆ.

ಅವನು ಬೀಡಿ ಹಚ್ಚಿಕೊಂಡು ಹೇಳಿದ: "ಗ್ಯಪ್ತಿಗೆ ಬರಾಕಿಲ್ಲ. ಆದ್ರೂ ನಾನೇ ಇರ್ಬೇಕು ಕಣ್ಲಾ. ಆಗ ಯಾರುದ್ನ ಬುಟ್ಟಿದ್ದೆ?"

ಅರವತ್ತು ವರ್ಷ ನಾನು ಹೊತ್ತಿದ್ದನ್ನು ಅವನು ನೆನಪಿಟ್ಟುಕೊಳ್ಳುವ ಸೌಜನ್ಯವನ್ನೂ ತೋರಿರಲಿಲ್ಲ.

ಅಂದೇ ಇಬ್ಬರೂ ಕಡೆದೆವು. ಮೊದಲು ಅವನು, ಚೀಲದ ಬಾಯಲ್ಲಿದ್ದ ತುಂಡನ್ನು, ಎಂದಿನಂತೆ ಕಣ್ಣು ಮುಚ್ಚಿ. ಆಮೇಲೆ ನಾನು. ಪಟ್ಟರೆಯ ಮುಂದೆ ಅವನು ಕಡ್ಡಿಯಿಂದ ದುಂಡನೆಯ ಗೆರೆ ಎಳೆದ. ಮಾದಮ್ಮ ಹಾಲು ಮುಚ್ಚಿ ಬಂದು ನಿಂತಳು. ಎರಡೂ ಬುಗುರಿಗಳು ಒಟ್ಟಿಗೇ ನಿದ್ದೆ ಹೋದವು. ನನ್ನ ಲೆಕ್ಕದಂತೆ ಅವನದು ಕೂಡಲೇ ತೊನೆಯಬೇಕಿತ್ತು, ತೊನೆಯಲಿಲ್ಲ. ಬಹಳ ಹೊತ್ತಿನ ಮೇಲೆ ತಲೆ ಆಡಿಸಿ ಉರುಳಿತು. ನನ್ನದು ಇನ್ನೂ ನಿಂತಿತ್ತು.

ಗೆದ್ದ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಗಿ ನಾನು ಅವನ ಬುಗುರಿಯನ್ನು ಎತ್ತಿ ಅಳೆದೆ. "ಅಣ್ಣ, ನಿನ್ ಮೊಳೆ ನಡುವೆ ಇಲ್ಲ."

"ಇಲ್ಲ. ನೀನು ಮಡುಗಿದ್ದು ವಾಲೋ ಮರ. ಅದುಕ್ಕೆ ಮೊಳೆನೂವೆ ಅಕ್ಕಿಕಾಳಷ್ಟು ವಾಲುಸ್ದೆ."

ಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಹಳ ಮೆಲ್ಲಗೆ ಕೇಳಿದೆ: "ನೋಡಿದ್ಯಾ?"

"ಟೀ ಕುಡೀತಿದ್ದೆ ಕಣ್ಲಾ. ಮರ ಕಡೀತಿರ್ನಿಲ್ವಲ್ಲ, ಕಣ್ ಮುಚ್ಕಳಾಕೆ." ಅವನು ತನ್ನ ಬುಗುರಿಯನ್ನು ಗೆರೆಯೊಳಗೆ ಇಟ್ಟ. "ಒಡಿ. ಕದ್ದ ಮರವೇ ಆಗ್ಲಿ, ಕಡ್ದೋನು ನೀನೇಯ."

ಆ ಮಾತನ್ನು ನಾನು ಮನಸ್ಸಿನಲ್ಲಿ ಎರಡು ಬಾರಿ ಹೇಳಿಕೊಂಡೆ. ಬಹುಶಃ ಅದರಿಂದಲೇ ಗುರಿ ತಪ್ಪಿ ಮೊದಲ ಗುನ್ನ ಮಣ್ಣಿಗೆ ಬಿತ್ತು. ಎರಡನೆಯದು ಅವನ ಕಾಲಿನ ಹೆಬ್ಬೆರಳಿಗೆ ಬಿತ್ತು.

"ಅದು ನನ್ ಬೆಳ್ಳು," ಎಂದ ಜವರಣ್ಣ ಕಾಲನ್ನು ಹಿಂದಕ್ಕೆಳೆದು. "ಬುಗುರಿ ಈಚ್ಗೆ ಅದೆ." ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಮಣಿಕಟ್ಟು ಹಿಡಿದು, ಎಲ್ಲಿಗೆ ಹೊಡೆಯಬೇಕೆಂದು ತೋರಿಸಿದ. ನಾನು ಹೊಡೆದೆ. ಬುಗುರಿ ಎರಡು ಹೋಳಾಯಿತು. ಅವನು ಹೋಳುಗಳನ್ನು ಎತ್ತಿ, ಒಂದರ ಅಂಚಿನ ಕಪ್ಪು ತಿರುಳನ್ನು ಉಗುರಿನಿಂದ ಗೀರಿದ. "ನೋಡು, ಬಾರ ಇಲ್ಲಿತ್ತು."

ನಾನು ಹೊರಡುವಾಗ ಹೇಳಿದ: "ನಾಳಿಕ್ ಬಾ. ನಾನೂ ಒಂದು ಒಳ್ಳೆ ಮರುದ್ದು ಕಡ್ದಿರ್ತೀನಿ. ಇನ್ನೊಂದಾಟ ಆಡಾನ."

ನಾನು ಮರುದಿನ ಹೋಗಲಿಲ್ಲ. ಗೆದ್ದವನು ಕರೆದೊಡನೆ ಓಡಬಾರದು. ಚೆನ್ನಾಗಿ ಯೋಚಿಸಿ, ಮೂರು ದಿನ ಕಾಯಿಸುವುದೆಂದು ತೀರ್ಮಾನಿಸಿದೆ. ಅದಕ್ಕಿಂತ ಕಡಿಮೆಯಾದರೆ ಆಸೆಯಂತೆ ಕಾಣುತ್ತದೆ, ಹೆಚ್ಚಾದರೆ ಹೆದರಿಕೆಯಂತೆ.

ನಾಲ್ಕನೆಯ ದಿನ ಹೋದಾಗ ಪಟ್ಟರೆಯ ಬಾಗಿಲು ಹಾಕಿತ್ತು. ತಿರುವಿನಲ್ಲಿ ನನ್ನ ಹೆಸರು ಕೇಳಿಸಲಿಲ್ಲ. ಮಾದಮ್ಮ ಅಂಗಡಿಯಿಂದ ಇಳಿದು ಬಂದಳು.

"ಮೂರು ದಿನ್ವೂ ನೆಲ ಗುಡ್ಸಿ, ಗೆರೆ ಎಳ್ದು ಕುಂತಿದ್ದ ಕಣಣ್ಣ, ನೀನು ಬತ್ತೀಯ ಅಂತ. ನೆನ್ನೆ ಸಂದೇಲಿ ಎದೆ ಇಡ್ಕತು. ಚಾಮ್ರಾಜ್‌ನಗ್ರ ಮುಟ್ನಿಲ್ಲ, ದಾರೀಲೇ ಓಗ್ಬುಟ್ಟ."

ಗೆರೆ ಅಲ್ಲೇ ಇತ್ತು. ಯಾರೂ ತುಳಿದಿರಲಿಲ್ಲ. ಆಟಕ್ಕೆ ಕರೆದವನು ಆಟ ಮುಗಿಯದೆ ಎದ್ದು ಹೋಗುವಂತಿಲ್ಲ. ಇದು ಎಲ್ಲ ಕಟ್ಟಳೆಗಳಿಗಿಂತ ಮೊದಲಿನ ಕಟ್ಟಳೆ, ಅವನಿಗೂ ಗೊತ್ತಿತ್ತು. ಮೂರು ದಿನದ ಮೇಲೆ ಇನ್ನೊಂದು ಬೆಳಗು ಕಾಯುವುದು ಅವನಿಂದ ಆಗಲಿಲ್ಲ. ನಾನು ಅರವತ್ತು ವರ್ಷ ಕಾದಿದ್ದೆ.