ಸೀಮೆಸುಣ್ಣದ ಮಂಚ

ದೆವ್ವ, ಶಕುನ, ಮುನ್ಸೂಚನೆ ಇವನ್ನೆಲ್ಲ ನಾನು ನಂಬಿದವನಲ್ಲ. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ನಂಬಿಬಿಟ್ಟರೆ ಅವುಗಳ ಬಗ್ಗೆಯೂ ಚಿಂತೆ ಮಾಡಬೇಕಾಗುತ್ತದಲ್ಲ, ಅದಕ್ಕೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸು ಓಡಿಬರುವ ಮನುಷ್ಯ ನಾನು. ಕಣ್ಣಿಗೆ ಕಾಣದ್ದಕ್ಕೂ ಹೆದರುತ್ತಾ ಕೂರಲು ನನಗೆ ಪುರುಸೊತ್ತೆಲ್ಲಿ? ಆದರೂ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು, ನಡೆದ ಹಾಗೇ ಹೇಳಿಬಿಡುತ್ತೇನೆ. ನಿಮಗೇನಾದರೂ ಅರ್ಥವಾದರೆ ನನಗೂ ತಿಳಿಸಿ.

ಆಗ ನಾವು ಸೊರಬದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ಹೆಂಡತಿ ಸುಮಾ, ಮತ್ತು ನನ್ನ ಅಕ್ಕ. ಕಣ್ಣಿನ ನರದ ಕಾಯಿಲೆಯಿಂದ ಅಕ್ಕನ ದೃಷ್ಟಿ ಪೂರ್ತಿ ಹೋಗಿತ್ತು. ಬೆಳಕು ಯಾವುದು, ಕತ್ತಲು ಯಾವುದು ಅಂತ ಕೂಡ ತಿಳಿಯದು ಎಂದು ಡಾಕ್ಟರೇ ಹೇಳಿದ್ದರು. ಆದರೆ ಆ ಮನೆಯೊಳಗೆ ಅವಳು ಓಡಾಡುವುದನ್ನು ನೋಡಿದರೆ ಯಾರೂ ಇದನ್ನು ಒಪ್ಪುತ್ತಿರಲಿಲ್ಲ. ಟೀ ಕಾಸುವಳು, ಹಿತ್ತಲಲ್ಲಿ ಬಟ್ಟೆ ಹರವುವಳು, ನಾನು ದಾರಿಗೆ ಅಡ್ಡ ಬಿಟ್ಟ ಕುರ್ಚಿಗೆ ಎಡವಿದರೆ ಕುರ್ಚಿಯನ್ನು ಬಿಟ್ಟು ನನ್ನನ್ನು ಬೈಯುವಳು.

ನನ್ನ ಕೆಲಸ ಶಿಕಾರಿಪುರದಲ್ಲಿ. ದಿನಾ ಬಸ್ಸು ಹತ್ತಿ ಹತ್ತಿ ಸಾಕಾಗಿ ಅಲ್ಲೇ ಒಂದು ಸೈಟು ತೆಗೆದುಕೊಂಡು ಮನೆ ಕಟ್ಟಿಸತೊಡಗಿದೆ. ಗೋಡೆ ಎದ್ದು, ಆರ್‌ಸಿಸಿ ಆಗಿ, ಗಾರೆ ಕೆಲಸವೂ ಮುಗಿದ ಮೇಲೆ ಒಂದು ದಿನ ಅಕ್ಕ ತಣ್ಣಗೆ ಹೇಳಿದಳು.

"ನಾ ಬರಲ್ಲ ಮಾರಾಯ. ಗೊತ್ತಿಲ್ಲದ ಮನೇಲಿ ಮೂಲೆ ಹಿಡಿದು ಕೂತು, ಒಂದು ಲೋಟ ನೀರಿಗೂ ಸುಮಾ, ಸುಮಾ ಅಂತ ಕೂಗೋದು ನನ್ನ ಕೈಲಾಗಲ್ಲ. ಜಡೆ ಊರಿಗೆ ಹೋಗಿ ಚಿಕ್ಕಮ್ಮನ ಮನೇಲಿರ್ತೀನಿ. ಆ ಮನೆ ನಂಗೆ ಗೊತ್ತು."

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳು. ಇವಳಿಲ್ಲದ ಮನೆಗೆ ಯಾಕಾದರೂ ಇಷ್ಟು ಸಿಮೆಂಟು ಸುರಿಸಿದೆನೋ ಅನ್ನಿಸಿತು. ಬಾ ಅಂತ ಗೋಗರೆದೆ, ಸಿಟ್ಟು ಮಾಡಿದೆ, ಊಟ ಬಿಡುತ್ತೇನೆ ಎಂದೂ ಹೆದರಿಸಿದೆ. ರಾತ್ರಿ ಹಸಿವು ತಡೆಯದೆ ಉಂಡೆ.

ಇತ್ತ ಎಲೆಕ್ಟ್ರಿಷಿಯನ್ ಬೇರೆ ಜೀವ ತಿನ್ನುತ್ತಿದ್ದ. ಟೈಲ್ಸ್ ಹಾಕುವ ಮೊದಲು ಯಾವ ಸಾಮಾನು ಎಲ್ಲಿ ಬರುತ್ತದೆ ಅಂತ ಹೇಳಿದರೆ ತಾನೇ ಪ್ಲಗ್ ಪಾಯಿಂಟ್ ಕೊಡಲು ಆಗುವುದು? ಶನಿವಾರ ಟೇಪು, ಸೀಮೆಸುಣ್ಣ ಹಿಡಿದು ಒಬ್ಬನೇ ಹೋದೆ. ಒರಟು ಸಿಮೆಂಟ್ ನೆಲದ ಮೇಲೆ ಮೊಣಕಾಲೂರಿ ದಿವಾನ, ಊಟದ ಟೇಬಲ್ಲು, ಬೀರು, ಮಂಚ ಎಲ್ಲವನ್ನೂ ಅವುಗಳ ಅಳತೆಗೇ ಬರೆದೆ. ಅಕ್ಕ ಬಂದರೂ ಬರಬಹುದು ಎಂಬ ಆಸೆಯಿಂದ ಅವಳ ಕೋಣೆಯಲ್ಲಿ ಮಂಚವನ್ನು ನಾಲ್ಕಾರು ಸಲ ಅಳಿಸಿ, ಕೊನೆಗೆ ಕಿಟಕಿಯ ಪಕ್ಕ ಬರೆದೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಸುಮಾ ವಾರವಿಡೀ ನಗುತ್ತಿದ್ದಳು.

ಮರುದಿನ, ಒಮ್ಮೆ ಬಂದು ನೋಡಿಯಾದರೂ ಹೋಗು ಎಂದು ಅಕ್ಕನನ್ನು ಹೊರಡಿಸಿದೆ. ಸುಮಾ ಕೂಡ ಜೊತೆಗೆ ಹೊರಟಳು.

"ನೋಡೋಕೆ ನನ್ನನ್ನ ಕರೀತೀಯಲ್ಲ, ತಲೆ ಸರಿ ಇದೆಯೇನೋ ನಿಂಗೆ?" ಎಂದು ನಗುತ್ತಲೇ ಬಂದಳು.

ಹೊಸಿಲ ಹತ್ತಿರ ನಾನು ಅವಳ ಕೈ ಹಿಡಿದಿದ್ದೆ. ಅಷ್ಟರಲ್ಲಿ ಫೋನು ಬಂತು, ಅದೇ ಎಲೆಕ್ಟ್ರಿಷಿಯನ್. ಜೇಬಿನಿಂದ ಫೋನು ತೆಗೆಯಲು ಕೈ ಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಅಕ್ಕ ಒಳಗೆ ನಡೆದಿದ್ದಳು.

ತಡಕಾಡಲಿಲ್ಲ. ಗೋಡೆ ಮುಟ್ಟಲಿಲ್ಲ. ದಿವಾನದ ಗೆರೆಯ ಹತ್ತಿರ ಬಂದು, ಅಲ್ಲಿ ನಿಜವಾಗಿ ದಿವಾನ ಇದ್ದರೆ ಹೇಗೆ ಬಳಸಿಕೊಂಡು ಹೋಗುತ್ತಾರೋ ಹಾಗೆ ಬಳಸಿಕೊಂಡು ಹೋದಳು. ಊಟದ ಟೇಬಲ್ಲಿನ ಮೂಲೆಗೆ ಸೆರಗು ಸಿಕ್ಕಬಾರದೆಂಬಂತೆ ಎಳೆದುಕೊಂಡು ಓರೆಯಾಗಿ ದಾಟಿದಳು. ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ ಇತ್ತು. ಗೆರೆ ಕಾಲಿಗೆ ತಿಳಿಯುವ ಮಾತೇ ಇಲ್ಲ.

"ಈ ಟೇಬಲ್ ಅಡುಗೆಮನೆ ಬಾಗಿಲಿಗೆ ತೀರಾ ಹತ್ರ ಆಯ್ತಲ್ಲೋ" ಎಂದಳು.

ಆಗ ತಾನೇ ಒಳಗೆ ಕಾಲಿಟ್ಟ ಸುಮಾ, ಟೀ ಫ್ಲಾಸ್ಕು ಹಿಡಿದವಳು ಹಾಗೇ ನಿಂತಳು. ಬರೀ ನೆಲ, ಗೆರೆಗಳು, ಅವುಗಳ ನಡುವೆ ಅಕ್ಕ. ನನ್ನ ಕೈಯಲ್ಲಿ ಎಲೆಕ್ಟ್ರಿಷಿಯನ್ "ಹಲೋ, ಹಲೋ ಸಾರ್" ಅನ್ನುತ್ತಿದ್ದ.

ಅಕ್ಕ ತನ್ನ ಕೋಣೆಗೆ ಹೋದಳು. ಕಿಟಕಿಯ ಪಕ್ಕಕ್ಕೆ ಬಂದು, ತಿರುಗಿ, ಕೂರಲು ಮೈ ಇಳಿಬಿಟ್ಟಳು. ಆಗ ಹೊಳೆಯಿತು ನನಗೆ: ಅವಳು ಮಂಚದ ಮೇಲೆ ಕೂರುತ್ತಿದ್ದಾಳೆ! ಓಡಿಹೋಗಿ ಹಿಂದಿನಿಂದ ತಬ್ಬಿಕೊಂಡೆ. ಇಬ್ಬರೂ ದೊಪ್ಪನೆ ಸಿಮೆಂಟಿನ ಮೇಲೆ ಬಿದ್ದೆವು. ಅವಳು ನನ್ನ ಮೇಲೆ ಬಿದ್ದದ್ದು ಪುಣ್ಯ. ನನ್ನ ಸೊಂಟ ಮಾತ್ರ ಬಹಳ ದಿನ ಅದನ್ನು ಪುಣ್ಯ ಅಂತ ಒಪ್ಪಲಿಲ್ಲ.

"ಮಂಚ ಎಲ್ಲೋ?" ಎಂದಳು ಅಕ್ಕ, ನೆಲ ಸವರುತ್ತಾ.

ಮಂಚ ಇಲ್ಲ, ದಿವಾನ ಇಲ್ಲ, ಮನೆಯಲ್ಲಿ ಏನೂ ಇಲ್ಲ ಅಂದೆ. ಅವಳು ನಂಬಲಿಲ್ಲ. ಸುಮಾ ಕೈ ಹಿಡಿದು ಮನೆಯೆಲ್ಲ ಸುತ್ತಿಸಿ ತೋರಿಸಿದಳು. ಅಕ್ಕನ ಮುಖ ಬಿಳುಚಿಕೊಂಡಿತು. ಆಮೇಲೆ ಫ್ಲಾಸ್ಕಿನ ಟೀ ಕುಡಿದು, "ಸಾಮಾನು ಇದೆ ಅನ್ನಿಸ್ತು, ಅಷ್ಟೇ" ಎಂದಳು.

ಸುಮಾ ಒಂದು ವಿವರಣೆ ಕೊಟ್ಟಳು. "ಸೊರಬದ ಮನೇಲಿ ಇದ್ದ ಹಾಗೇ ಬರೆದಿದ್ದೀರ ಕಣ್ರೀ, ಅಭ್ಯಾಸದ ಮೇಲೆ ನಡೆದರು." ಒಳ್ಳೆಯ ವಿವರಣೆ. ಆದರೆ ಸೊರಬದ ಮನೆಯಲ್ಲಿ ದಿವಾನವೇ ಇರಲಿಲ್ಲ, ಊಟ ಮಾಡುತ್ತಿದ್ದದ್ದು ಚಾಪೆಯ ಮೇಲೆ ಎಂಬುದು ಆಮೇಲೆ ಅವಳಿಗೇ ನೆನಪಾಯಿತು. ನನಗೆ ತಡೆಯಲಿಲ್ಲ. ಟೇಬಲ್ಲನ್ನು ಅಳಿಸಿ ಬೇರೆ ಕಡೆ ಬರೆದು, ಅಕ್ಕನಿಗೆ ಮತ್ತೊಮ್ಮೆ ನಡೆಯಲು ಹೇಳಿದೆ. ಗೋಡೆ ತಡವುತ್ತಾ ಬಂದವಳು ನೇರ ಟೇಬಲ್ಲಿನ ನಟ್ಟನಡುವೆ ತುಳಿದುಕೊಂಡು ಹೋದಳು. ಇನ್ನೊಂದು ಸಲವೂ ಅದೇ. ಆ ಅರಿವು ಬಂದದ್ದು ಒಂದೇ ಸಲ, ಹೋದದ್ದು ಹೋಯಿತು.

ಸೊರಬದ ಬಸ್ಸು ಹತ್ತಿ ಕೂತ ಮೇಲೆ ಅಕ್ಕ ನನ್ನ ಮೊಣಕೈ ತಿವಿದಳು. "ಟೇಬಲ್ ಸ್ವಲ್ಪ ಈಚೆ ಎಳಿ. ಮಂಚ ಅಲ್ಲೇ ಇರ್ಲಿ. ಬರ್ತೀನಿ."

ಹಾಗೇ ಮಾಡಿದೆವು. ಅವಳು ಬಂದಳು. ಈಗ ನಾನು ಇದನ್ನು ಬರೆಯುವಾಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವಳು ಅವಳೇ. ಆ ಮಧ್ಯಾಹ್ನ ನಾನು ಬಿಟ್ಟ ಕೈಯನ್ನು ಯಾರು ಹಿಡಿದರೋ, ಅಥವಾ ಯಾರೂ ಹಿಡಿಯಲಿಲ್ಲವೋ, ಗೊತ್ತಿಲ್ಲ. ಯಾರಿಗೆ ಹೇಳಬೇಕೋ ತಿಳಿಯದ ಒಂದು ಕೃತಜ್ಞತೆ ಮಾತ್ರ ಎದೆಯಲ್ಲಿ ಕೂತಿದೆ.

ಒಮ್ಮೊಮ್ಮೆ ಯಾರೂ ನೋಡದಾಗ ನಾನೂ ಕಣ್ಣು ಮುಚ್ಚಿ ಬಾಗಿಲಿಂದ ಅವಳ ಕೋಣೆಯವರೆಗೆ ನಡೆಯಲು ನೋಡುತ್ತೇನೆ. ಮೊನ್ನೆಯೂ ನೋಡಿದೆ. ನಾನಿನ್ನೂ ಯಾವುದಕ್ಕೂ ಬಡಿದುಕೊಂಡಿರಲಿಲ್ಲ, ಒಳಗಿನಿಂದ ಅಕ್ಕನ ದನಿ ಬಂತು: "ಎಡಕ್ಕೆ ತಿರುಗು ಮಾರಾಯ, ದಿವಾನ ಇದೆ."

ಹೆಜ್ಜೆ ಸದ್ದು ಕೇಳಿರಬೇಕು. ಹಾಗಂತಲೇ ಅಂದುಕೊಂಡಿದ್ದೇನೆ.