ಜಗಳಕ್ಕಾಗಿ ಕಲಿತ ಭಾಷೆ

ಪೋರ್ತುಗಲ್ಲಿನ ಪೋರ್ತೊ ನಗರಕ್ಕೆ ಓದಲು ಬಂದ ಹೊಸತು. ಒಂದು ಸಂಜೆ ಕಾಲೇಜಿನಿಂದ ಮರಳಿದರೆ, ಆಯಿ ಕಟ್ಟಿಕೊಟ್ಟ ಒಣ ಶೆಟ್ಲಿಯ ಡಬ್ಬಿ ಬೀದಿಯ ಕಸದ ತೊಟ್ಟಿಯ ಪಕ್ಕ ಬಾಯಿ ತೆರೆದು ಬಿದ್ದಿತ್ತು. ಹೊನ್ನಾವರದ ಹತ್ತಿರದ ನಮ್ಮೂರು ಮಂಕಿಯಲ್ಲಿ ಸಿಗಡಿಗೆ ಶೆಟ್ಲಿ, ಅಮ್ಮನಿಗೆ ಆಯಿ ಎನ್ನುತ್ತಾರೆ. ಆಯಿ ಬಿಸಿಲಲ್ಲಿ ಕೂತು, ಕಾಗೆ ಓಡಿಸುತ್ತ ಒಣಗಿಸಿದ್ದನ್ನು ಇಲ್ಲಿನ ಕಡಲಹಕ್ಕಿಗಳು ಹೆಕ್ಕುತ್ತಿದ್ದವು.

ಮನೆಯೊಡತಿ ಫೆರ್ನಾಂಡ ಮೂಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಶೈರು, ಶೈರು" ಎಂದಳು. ವಾಸನೆ ಎಂದರ್ಥ. ಅವಳ ಅಡುಗೆಮನೆಯಲ್ಲೇ ಉಪ್ಪು ಹಾಕಿ ಒಣಗಿಸಿದ ದೊಡ್ಡ ಮೀನು ತೂಗುತ್ತಿತ್ತು! ಅದಕ್ಕೆ ಇವರು ಬಕಲ್ಯಾವು ಎನ್ನುತ್ತಾರೆ. ಹಬ್ಬಕ್ಕೆ ಅದಿಲ್ಲದೆ ಆಗುವುದಿಲ್ಲ. ಅದನ್ನು ತೋರಿಸಿ ಕೇಳಬೇಕೆಂದರೆ ನನಗೆ ಭಾಷೆ ಬಾರದು. ಅವಳಿಗೆ ಇಂಗ್ಲಿಷ್ ಬಾರದು.

ಫೋನಿನಲ್ಲಿ ಆಯಿಗೆ ನನ್ನ ದನಿ ಕೇಳಿಯೇ ಗೊತ್ತಾಯಿತು.

"ಎಂತ ಆತು ಮಗಾ? ಯಾರಾದ್ರೂ ಎಂತಾರೂ ಅಂದ್ರಾ?"

"ಎಂತ ಇಲ್ಲ ಆಯಿ. ಶೆಟ್ಲಿ ಖಾಲಿ ಆತು."

"ಇಷ್ಟ್ ಬೇಗ?" ಎಂದು ಅವಳು ಖುಷಿಪಟ್ಟಳು. ಫೋನ್ ಇಟ್ಟವಳು ಆ ರಾತ್ರಿಯೇ ಪೋರ್ತುಗೀಸ್ ಕಲಿಯತೊಡಗಿದೆ.

ನನ್ನ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಪೋರ್ತುಗೀಸ್ ಕಲಿತದ್ದು ಫೆರ್ನಾಂಡಳೊಡನೆ ಜಗಳಾಡುವುದಕ್ಕೆ. ಬೀಗದ ಕೈಗೆ ಇವರು 'ಶಾವ್' ಎನ್ನುತ್ತಾರೆ, ನಮ್ಮ ಚಾವಿ. ಕಿಟಕಿಗೆ 'ಜನೆಲ', ಊರಿನ ಕೊಂಕಣಿಯವರ ಜನೇಲ್. ಗುರುತಿನ ಮಾತು ಸಿಕ್ಕಿದರೆ ಬೇರೆಯವರಿಗೆ ಮನೆ ನೆನಪಾಗಬಹುದು. ನನಗೆ ಕೈಗೊಂದು ಕಲ್ಲು ಸಿಕ್ಕಂತಾಗುತ್ತಿತ್ತು.

ಎದುರು ಮನೆಯ ಅಮೇಲಿಯಾ ಗಂಡ ಸತ್ತ ಮುದುಕಿ. ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಅವಳಿಗೂ ಫೆರ್ನಾಂಡಳಿಗೂ ಎಷ್ಟೋ ಕಾಲದಿಂದ ಮಾತಿರಲಿಲ್ಲ. ನಾನು ಹರಕು ಮುರುಕು ಭಾಷೆಯಲ್ಲಿ ನನ್ನ ಕತೆ ಹೇಳಿದಾಗ ಅವಳ ಕಣ್ಣು ಮಿಂಚಿತು.

"ನನ್ನಲ್ಲೊಂದು ಕೋಣೆ ಖಾಲಿ ಇದೆ. ಅದರ ಕಿಟಕಿ ಸೀದಾ ಅವಳ ಅಡುಗೆಮನೆಗೇ ತೆರೆಯುತ್ತದೆ" ಎಂದಳು.

ಅದೇ ವಾರ ಮನೆ ಬದಲಿಸಿದೆ. ಹೊನ್ನಾವರದಿಂದ ಆಯಿ ಪಾರ್ಸೆಲ್ ಮಾಡಿದ ಹೊಸ ಶೆಟ್ಲಿ ತಲುಪಿದ ಭಾನುವಾರ, ಕಿಟಕಿ ಪೂರ್ತಿ ತೆರೆದಿಟ್ಟು ಒಣಮೆಣಸಿನ ಜೊತೆ ಹುರಿದೆ. ಫೆರ್ನಾಂಡ ತಲೆ ಹೊರಹಾಕಿ ಕೂಗಿದಳು. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ್ದನ್ನು ನಾನು ಒಂದೂ ತಪ್ಪಿಲ್ಲದೆ ಎಸೆದೆ:

"ನಿನ್ನ ಮನೆಯ ಒಣಮೀನು ಪರಿಮಳ, ನನ್ನ ತಾಯಿಯದು ನಾತವೋ? ಮೂಗು ಮುಚ್ಚಿಕೊ. ಬೇಕಾದರೆ ಕಿಟಕಿಯನ್ನೂ ಮುಚ್ಚಿಕೊ!"

ಓಣಿಯ ಕಿಟಕಿಗಳೆಲ್ಲ ತೆರೆದವು. ಯಾರೋ ಚಪ್ಪಾಳೆ ತಟ್ಟಿದರು. ಅವಳ ಕಿಟಕಿ ಮಾತ್ರ ಧಡ್ ಎಂದು ಮುಚ್ಚಿತು. ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ. ಪ್ರತಿ ಭಾನುವಾರ ಹುರಿಯುತ್ತೇನೆ, ಹಸಿವಿಲ್ಲದಿದ್ದರೂ.

ಈ ರಜೆಯಲ್ಲಿ ಮಂಕಿಗೆ ಬಂದಿದ್ದೇನೆ. ಮೊನ್ನೆ ದೊಡ್ಡಮ್ಮ ಅಂಗಳಕ್ಕೆ ಬಂದವಳು ಆಯಿಯ ಎದುರೇ ನಕ್ಕಳು: "ಅಷ್ಟ್ ದೂರ ಹೋಗಿ ಈ ಹುಡ್ಗಿ ಓದೂದು ಎಂತ? ಅಲ್ಲೂ ಮೀನ್ ಹುರಿಯೂದೇ ಅಂತೆ!"

ಆಯಿಯ ಮುಖ ಸಣ್ಣದಾಯಿತು. ನಾನು ಎದ್ದು ನಿಂತು ಬಾಯಿ ತೆರೆದೆ. ಬಂದದ್ದು ಪೋರ್ತುಗೀಸ್, ಅಮೇಲಿಯಾಳ ಓಣಿಯ ಅತಿ ಖಾರದ ಮಾತು. ದೊಡ್ಡಮ್ಮನಿಗೆ ಒಂದಕ್ಷರ ತಾಗಲಿಲ್ಲ.

"ಎಂತ ಅಂದೆ?" ಎಂದಳು ಆಯಿ.

ಕನ್ನಡದಲ್ಲಿ ಹುಡುಕಿದೆ. ಅಷ್ಟು ಹರಿತವಾದದ್ದು ಸಿಗುವ ಮೊದಲೇ ದೊಡ್ಡಮ್ಮ ನಗುತ್ತ ದಾಟಿ ಹೋಗಿದ್ದಳು. ಪರದೇಶದ ಓಣಿಯಲ್ಲಿ ಗೆದ್ದವಳು ನಮ್ಮ ಅಂಗಳದಲ್ಲೇ ಸೋತೆ. ರಜೆ ಮುಗಿಯುವುದರೊಳಗೆ ಅವಳಿಗೊಂದು ಉತ್ತರ ಕೊಡಬೇಕು, ನಮ್ಮದೇ ಮಾತಿನಲ್ಲಿ. ಹುಡುಕುತ್ತಿದ್ದೇನೆ.