ಮೀನು ಕಚ್ಚಿ ಕೂತ ಮಿಂಚುಳ್ಳಿ

ಸುಮ್ಮನೆ ಕೂರುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರಿಲ್ಲ. ಬೀಗ ರಿಪೇರಿ ಅಂಗಡಿಯಲ್ಲಿ ಅರ ಹಿಡಿದು ಕೀಲಿಕೈ ಉಜ್ಜುತ್ತ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಪಕ್ಕದ ಹೊಲಿಗೆ ಅಂಗಡಿ ನನ್ನದು, ನಡುವೆ ಇರುವುದು ಒಂದು ಹಲಗೆ ಗೋಡೆ. ಅವರ ಅರದ ಕಿರ್ ಕಿರ್ ಸದ್ದಿಗೆ ನನ್ನ ಹಲ್ಲು ಜುಮ್ಮೆಂದು, ಗೋಡೆ ಗುದ್ದಿ ಬೈಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಶುರು ಮಾಡುತ್ತಿದ್ದರು.

ಭಾನುವಾರ ಬಂದರೆ ಅದೇ ಮನುಷ್ಯ ಬೇರೆಯೇ. ಕೊರಳಿಗೆ ದುರ್ಬೀನು ಹಾಕಿಕೊಂಡು ಅಕ್ಕನ ಜೊತೆ ಕತ್ತಲಿರುವಾಗಲೇ ಹೊರಡುತ್ತಿದ್ದರು. ಪಕ್ಷಿ ನೋಡುವವರ ಒಂದು ಸಂಘ ಇತ್ತು, ಗಂಡ ಹೆಂಡತಿ ಇಬ್ಬರೂ ಅದರಲ್ಲಿದ್ದರು. "ಗುಬ್ಬಿ ಹಾರಿದ್ದಕ್ಕೆ ಇಷ್ಟು ಸಂಭ್ರಮ, ನಾನು ಹೊಸ ಸೀರೆ ಉಟ್ಟರೆ ಕಣ್ಣೆತ್ತಿ ನೋಡಲ್ಲ ನಿಮ್ಮ ಭಾವ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ. ಮಾತೆಲ್ಲ ಅವಳದು, ಹೂಂಗುಟ್ಟುವುದು ಇವರದು.

ಅಕ್ಕ ಹೋದಳು. ಹೊಟ್ಟೆನೋವು ಅಂದಳು, ಆಸ್ಪತ್ರೆ ಸೇರಿದಳು, ತಿರುಗಿ ಬರಲಿಲ್ಲ. ಆಮೇಲೆ ಭಾವನ ಬಾಯಿಂದ ಹೂಂ ಕೂಡ ಬರದೆ ಹೋಯಿತು. ಗಿರಾಕಿ ಬಂದರೆ ಕೈ ಚಾಚಿ ಬೀಗ ಇಸಿದುಕೊಳ್ಳುವುದು, ಮಾಡಿ ಕೊಡುವುದು, ಅಷ್ಟೇ. ನಾನು ತಂದಿಟ್ಟ ಊಟ ಹಾಗೇ ಆರಿರುತ್ತಿತ್ತು. ಭಾನುವಾರ ಒಂದು ದಿನ ಮಾತ್ರ ನಾಲ್ಕು ಮಾತಾಡುತ್ತಿದ್ದರು, ಅದೂ ಹಕ್ಕಿಗಳ ಬಗ್ಗೆ. ನನಗೆ ಕಾಗೆ ಬಿಟ್ಟರೆ ಬೇರೆ ಹಕ್ಕಿ ಗುರುತೇ ಇಲ್ಲ. ಆದರೂ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಅವರ ಹಿಂದೆ ಹೋಗತೊಡಗಿದೆ. ಆ ಸಂಘವೊಂದು ನಿಂತರೆ ಈ ಮನುಷ್ಯ ಪೂರ್ತಿ ಕಲ್ಲಾಗಿಬಿಡುತ್ತಾರೆ ಎಂಬ ಹೆದರಿಕೆ ನನಗೆ.

ಸಂಘ ನಿಲ್ಲುವ ಹಾಗೇ ಇತ್ತು. ಒಂದು ಕಾಲಕ್ಕೆ ಬಸ್ಸು ಮಾಡಿಕೊಂಡು ಹೋಗುತ್ತಿದ್ದರಂತೆ. ಈಗ ಉಳಿದವರು ಮಂಡಿನೋವಿನ ಮೇಷ್ಟ್ರು, ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಲೇ ಬರುವ ನರ್ಸಮ್ಮ, ಭಾವ, ಲೆಕ್ಕಕ್ಕೆ ಹಿಡಿದರೆ ನಾನು. ಅಂಗಡಿಯ ಮೇಲಿನ ಅಟ್ಟದಲ್ಲಿ ಸಭೆ ಸೇರಿದಾಗ ಮೇಷ್ಟ್ರು ಮಂಡಿ ನೀವಿಕೊಳ್ಳುತ್ತ ಹೇಳಿಯೇಬಿಟ್ಟರು: "ಈ ಸಂಘ ಇನ್ನು ಸಾಕು ಅನ್ಸುತ್ತೆ. ಎಲ್ಲರೂ ಫೋನಲ್ಲೇ ಹಕ್ಕಿ ನೋಡ್ತಾರೆ. ಇನ್ನು ಯಾರಿಗಾಗಿ ನಡೆಸೋದು ಇದನ್ನ?"

ಭಾವ ತಲೆ ತಗ್ಗಿಸಿಕೊಂಡೇ ಅಂದರು: "ಒಂದು ಸಲ ಊರವರನ್ನ ಕರೀರಿ. ಹಳ್ಳದ ದಂಡೇಲಿ ಮಿಂಚುಳ್ಳಿ ಗೂಡು ಮಾಡಿದೆ. ನಾನು ತೋರಿಸ್ತೀನಿ. ಯಾರೂ ಬರದಿದ್ದರೆ ಮುಚ್ಚೋಣ."

ಸಂಘದವರದೊಂದು ಪದ್ಧತಿ ಇದೆ. ಹಕ್ಕಿಯ ಹತ್ತಿರ ಹೋದ ಮೇಲೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಮುಂದೆ ನಿಂತವರು ಅಂಗೈ ಎತ್ತಿದರೆ ಎಲ್ಲರೂ ಹಿಂದೆ ಸರಿಯಬೇಕು, ಎತ್ತುವತನಕ ನಿಂತಲ್ಲೇ ನಿಲ್ಲಬೇಕು. ಉಳಿದವರು ಎಷ್ಟೇ ಬಲ್ಲವರಾದರೂ ತಲೆಹಾಕುವುದಿಲ್ಲ. ಆ ಭಾನುವಾರ ಮುಂದೆ ನಿಂತವರು ಭಾವ.

ಜನ ಬಂದರು. ನಾನು ಒಯ್ದ ಚಹಾ ಯಾವ ಮೂಲೆಗೂ ಸಾಲಲಿಲ್ಲ. ಹಳ್ಳದ ಮಣ್ಣಿನ ದಂಡೆಯಲ್ಲಿ ಕೈ ಹಿಡಿಸುವಷ್ಟು ಒಂದು ತೂತು, ಅದೇ ಗೂಡಿನ ಬಾಯಿ, ಎದುರಿಗೆ ನಾವು. ಅಷ್ಟರಲ್ಲಿ ಮಿಂಚುಳ್ಳಿ ಮೀನು ಕಚ್ಚಿಕೊಂಡು ಬಂದು ನಮ್ಮ ಪಕ್ಕದ ಕೊಂಬೆಯ ಮೇಲೆಯೇ ಕೂತಿತು. ಅಬ್ಬಾ, ಆ ನೀಲಿ! ನನ್ನಂಥ ನನಗೇ ಮೈ ಜುಮ್ಮೆಂದಿತು. ಹಕ್ಕಿ ಮೀನು ತಿನ್ನಲಿಲ್ಲ, ಹೋಗಲೂ ಇಲ್ಲ. ಎದ್ದು ಒಂದು ಸುತ್ತು ಹಾರಿ ಮತ್ತೆ ಅಲ್ಲೇ ಕೂತಿತು. ಎಲ್ಲರೂ ಫೋನು ಎತ್ತಿ ಹಿಡಿದರು. ಭಾವ ತಿರುಗಿ ನಮ್ಮನ್ನೆಲ್ಲ ನೋಡಿದರು. ಅಕ್ಕ ಹೋದ ಮೇಲೆ ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ. ಅಂಗೈ ಎತ್ತಲಿಲ್ಲ. ಮೇಷ್ಟ್ರೂ ನರ್ಸಮ್ಮನೂ ಪದ್ಧತಿಯಂತೆ ಸುಮ್ಮನಿದ್ದರು.

ಹೊರಡುವಾಗ ಬಂದವರಲ್ಲಿ ಮುಕ್ಕಾಲು ಜನ ಸಂಘ ಸೇರುತ್ತೇವೆ ಅಂದರು. ಅಂದು ಭಾವ ತಟ್ಟೆ ಖಾಲಿ ಮಾಡಿದರು.

ಮರುದಿನದಿಂದ ಆ ಫೋಟೋ ಊರೆಲ್ಲ ಹರಿದಾಡಿತು. ಬೆಳಗಿಂದ ಸಂಜೆಯತನಕ ದಂಡೆಯ ಎದುರು ಜನವೋ ಜನ. ಭಾವ ಅಂಗಡಿ ಮುಚ್ಚಿ ಹೋಗಿ ನಿಂತು, ಸ್ವಲ್ಪ ಹಿಂದೆ ಸರಿಯಿರಿ ಎಂದು ಕೈ ಮುಗಿದು ಕೇಳಿಕೊಂಡರು. ಒಬ್ಬ ಅಂದನಂತೆ: "ಭಾನುವಾರ ನೀವೇ ಇಲ್ಲಿ ನಿಲ್ಲಿಸಿದ್ರಲ್ಲ ಸಾರ್?"

ವಾರ ಕಳೆಯುವುದರೊಳಗೆ ಜನ ಕರಗಿದರು, ಯಾಕೆಂದರೆ ಹಕ್ಕಿ ಬರುವುದು ನಿಂತಿತ್ತು. ಭಾವನ ಜೊತೆ ನಾನೂ ಹೋದೆ. ತೂತಿನ ಬಾಯಲ್ಲಿ ನೊಣ ಮುತ್ತಿದ್ದವು. ಹತ್ತಿರ ಹೋದರೆ ನಾತ. ಭಾವ ದಂಡೆಗೆ ಕಿವಿ ಕೊಟ್ಟು ಎಷ್ಟೋ ಹೊತ್ತು ನಿಂತರು. ನಾನು ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು.

ಮುಂದಿನ ಸಭೆಗೆ ಅಟ್ಟದಲ್ಲಿ ಕಾಲಿಡಲು ಜಾಗವಿಲ್ಲ. ಮೇಷ್ಟ್ರಿಗೆ ಮಂಡಿನೋವೇ ಮರೆತುಹೋಗಿತ್ತು. "ಸಂಘಕ್ಕೆ ಮರುಜೀವ ಬಂತು. ಇನ್ನು ಮುಂದೆ ಇವರೇ ಅಧ್ಯಕ್ಷರು" ಎಂದು ಭಾವನನ್ನು ತೋರಿಸಿದರು. ಭಾವ ಎದ್ದು ನಿಂತರು.

"ಮಿಂಚುಳ್ಳಿ ತಾನು ತಿನ್ನೋದಾದರೆ ಮೀನಿನ ತಲೆ ಬಾಯಿ ಒಳಗಡೆ ಇರತ್ತೆ. ಮರಿಗೆ ಕೊಡೋದಾದರೆ ತಲೆ ಕೊಕ್ಕಿಂದ ಹೊರಗಡೆ. ಅವತ್ತು ತಲೆ ಹೊರಗಡೆ ಇತ್ತು. ನಿಮಗೆ ಅಷ್ಟು ಚೆನ್ನಾಗಿ ಕಾಣಿಸಿತಲ್ಲ, ಅದು ನಾವು ಅಡ್ಡ ನಿಂತಿದ್ದಕ್ಕೆ ಒಳಗೆ ಹೋಗೋಕಾಗದೆ ಕೂತಿತ್ತು. ಮರಿಗಳು ಹಸಿದು ಸತ್ತವು."

ಹೊಸದಾಗಿ ಸೇರಿದ ಒಬ್ಬಳು ಹುಡುಗಿ, "ನಮಗೆ ಗೊತ್ತಿರ್ಲಿಲ್ಲ ಸಾರ್" ಅಂದಳು.

"ನಿಮಗೆ ಗೊತ್ತಿರ್ಲಿಲ್ಲಮ್ಮ. ನಮಗೆ ಗೊತ್ತಿತ್ತು. ಈ ಸಂಘ ಮುಚ್ಚೋಣ."

ಮೇಷ್ಟ್ರು ಒಪ್ಪಲಿಲ್ಲ. ಆಗಿದ್ದು ಆಗಿಹೋಯಿತು, ಇನ್ನು ಹುಷಾರಾಗಿರೋಣ, ಬಂದ ಜನರನ್ನು ಕಳಿಸಿಬಿಡೋದಾ ಅಂದರು. ಎಲ್ಲರಿಗೂ ಅದೇ ಸರಿ ಕಂಡಿತು. ನರ್ಸಮ್ಮ ನೆಲ ನೋಡುತ್ತ ಕೂತಿದ್ದರು. ಭಾವ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

ನನಗೆ ಮೈಯೆಲ್ಲ ಉರಿಯಿತು. ಹಿಂದೆಯೇ ಓಡಿ, "ಅಧ್ಯಕ್ಷಗಿರಿ ಹಾಳಾಗಲಿ, ಆ ನಾಲ್ಕು ಮಾತಿನ ಜಾಗನೂ ಕಳ್ಕೊಂಡರೆ ಹೇಗೆ ಬದುಕ್ತೀರಿ ಭಾವ? ಬೇಕಂತ ಮಾಡಿದ್ರಾ ನೀವು?" ಎಂದು ಕೇಳಿದೆ.

"ಮೀನು ನೋಡಿದ ತಕ್ಷಣ ಗೊತ್ತಾಯ್ತು ನನಗೆ. ಎಲ್ಲರೂ ಖುಷಿಯಾಗಿದ್ರು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅನ್ನಿಸ್ತು" ಅಂದರು.

ಸಂಘ ಈಗ ಚೆನ್ನಾಗಿ ನಡೆಯುತ್ತಿದೆ. ಮೇಷ್ಟ್ರ ಮನೆಯಲ್ಲಿ ಸಭೆ. ಭಾವ ಭಾನುವಾರವೂ ಅಂಗಡಿ ತೆರೆಯುತ್ತಾರೆ. ಮೊನ್ನೆ ಒಂದು ಭಾನುವಾರ ಅದೇ ಹುಡುಗಿ ಅಂಗಡಿ ಮುಂದೆ ಬಂದು ನಿಂತಳು. ಫೋನು ಮುಂದೆ ಹಿಡಿದು, "ಸಾರ್, ಇದು ಯಾವ ಹಕ್ಕಿ? ನಮ್ಮಲ್ಲಿ ಯಾರಿಗೂ ಗುರುತು ಹತ್ತಲಿಲ್ಲ. ಗೂಡು ಕಟ್ಟೋ ಹಾಗಿದೆ. ಹತ್ತಿರ ಹೋಗಬಹುದಾ ಅಂತ ನಿಮ್ಮನ್ನೇ ಕೇಳೋಣ ಅಂತ ಬಂದೆ" ಅಂದಳು. ಹಲಗೆಯ ಈಚೆ ನನ್ನ ಮಷಿನ್ನು ನಿಂತಿತು. ಹೇಳಿ ಭಾವ, ಹೇಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಭಾವ ಆ ಫೋಟೋವನ್ನು ತುಂಬ ಹೊತ್ತು ನೋಡಿದರು.

"ಗೊತ್ತಿಲ್ಲಮ್ಮ" ಅಂದರು. "ಕೀಲಿ ಏನಾದ್ರೂ ಮಾಡಿಸೋದಿತ್ತಾ?"